ಕಾಲೇಜಿನ ಪಾಠವೂ ಕೈಯೊಳಗಣ ಯಂತ್ರವೂ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದು ಕಾಲೇಜುಗಳ ಬಾಗಿಲು ತೆರೆಯುವ ದಿನಗಳಲ್ಲಿ ನಮ್ಮ ಸೋಮನೂರಿನ ನೇಕಾರ ಮನೆಗಳ ಜಗಲಿಯ ಮೇಲೆ ನಡೆಯುವ ಮಾತುಕತೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಮಗನಿಗೆ ಕೊಯಮತ್ತೂರಿನ ಸರ್ಕಾರಿ ಕಲಾ ಕಾಲೇಜಿನಲ್ಲಿ ಸ್ಥಳ ದೊರೆತೀತೇ, ಮಗಳು ತಿರುಪ್ಪೂರಿಗೆ ಹೋಗಿಬರುವುದಾದರೆ ರೈಲು ಅನುಕೂಲವೋ ಬಸ್ಸು ಅನುಕೂಲವೋ, ವಾಣಿಜ್ಯ ಮೇಲೋ ಗಣಕ ವಿಜ್ಞಾನ ಮೇಲೋ - ಇವೆಲ್ಲ ಹಿಂದಿನಿಂದ ಬಂದ ಪ್ರಶ್ನೆಗಳು. ಈಚಿನ ಕೆಲವು ವರ್ಷಗಳಿಂದ ಇವುಗಳ ಸಾಲಿಗೆ ಇನ್ನೊಂದು ಸೇರಿಕೊಂಡಿದೆ: ಕಾಲೇಜಿನವರು ಫೋನು ಬೇಕೇ ಬೇಕು ಎನ್ನುತ್ತಾರಲ್ಲ, ಅದರಲ್ಲಿ ಈ ಮಕ್ಕಳು ಓದುತ್ತಾರೆಯೋ, ಆಡುತ್ತಾರೆಯೋ? ಹಳ್ಳಿಯ ಶಾಲೆಯಲ್ಲಿ ಅಕ್ಷರ ಕಲಿಸುವ ನಮ್ಮಲ್ಲಿ ಈ ಪ್ರಶ್ನೆಯನ್ನು ತರುವವರು ಹಲವರು. ಕಾಲೇಜು ನಮ್ಮ ಕ್ಷೇತ್ರವಲ್ಲ, ನಿಜ. ಆದರೆ ನಾವು ಕೈಹಿಡಿದು ತಿದ್ದಿಸಿದ ಮಕ್ಕಳೇ ಅಲ್ಲಿಗೆ ಹೋಗುವವರಾದುದರಿಂದ ಈ ತಿಂಗಳು ಇದೇ ವಿಷಯವನ್ನು ವಾಚಕರೊಡನೆ ವಿಚಾರಮಾಡಲು ಬಯಸಿದ್ದೇವೆ.

ಪಾಠಕ್ಕೆ ಯಂತ್ರವನ್ನು ಬಳಸಿಕೊಳ್ಳುವುದು ಹೊಸ ಸಂಗತಿಯೇನೂ ಅಲ್ಲ. ಕನ್ನಡಿಗರಿಗಂತೂ ಅಲ್ಲವೇ ಅಲ್ಲ. ಆಯಾ ಕಾಲದಲ್ಲಿ ದೊರೆತ ಸಾಧನವನ್ನು ಹಿಡಿದು ತರಗತಿಯ ನಾಲ್ಕು ಗೋಡೆಗಳನ್ನು ದಾಟಿಹೋದ ಕಾಲೇಜು ಅಧ್ಯಾಪಕರು ನಮ್ಮಲ್ಲಿ ಹಿಂದೆಯೇ ಇದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಸೇರಿ ೧೯೧೮ರಲ್ಲಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಇಂಗ್ಲಿಷಿನಲ್ಲಲ್ಲದೆ ಶಾಸ್ತ್ರವಿಷಯ ಹೇಳಲಾಗದೆಂದು ಬಲ್ಲವರೇ ನಂಬಿದ್ದ ಕಾಲದಲ್ಲಿ ಅಚ್ಚಿನ ಮೊಳೆಯನ್ನೇ ಸಾಧನವಾಗಿ ಹಿಡಿದು ಅವರು ಕನ್ನಡಿಗರ ಮನೆಬಾಗಿಲಿಗೆ ಕಾಲೇಜಿನ ಪಾಠವನ್ನು ಕೊಂಡೊಯ್ದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ೩೦ ವ್ಯಾಟಿನ ಸಣ್ಣದೊಂದು ಪ್ರೇಷಕಯಂತ್ರವನ್ನಿಟ್ಟುಕೊಂಡು ಬಾನುಲಿ ನಿಲಯವನ್ನು ಆರಂಭಿಸಿದರು. ಅದಕ್ಕೆ ಇಟ್ಟ 'ಆಕಾಶವಾಣಿ'ಯೆಂಬ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. ಇಂದು ಅಧ್ಯಾಪಕರೊಬ್ಬರು ತಮ್ಮ ಮನೆಯ ಕೋಣೆಯಲ್ಲಿ ಕುಳಿತು ಪಾಠವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದರೆ ಅವರು ಗೋಪಾಲಸ್ವಾಮಿಯವರ ದಾರಿಯಲ್ಲಿಯೇ ನಡೆಯುತ್ತಿದ್ದಾರೆಂದು ತಿಳಿಯಬೇಕು.

ಅನಂತರದ ಕಾಲದಲ್ಲಿ ಸರ್ಕಾರವೇ ಈ ಕಾರ್ಯಕ್ಕೆ ಕೈಹಾಕಿತು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನದ ಮೂಲಕ ಪಾಠ ಹೇಳುವ ಪ್ರಯೋಗ ನಡೆಯಿತು. ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಕಾರ್ಯಕ್ರಮಗಳು ಕನ್ನಡದಲ್ಲಿಯೇ ಬಂದವು. ೨೦೦೪ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಮೀಸಲಾದ 'ಎಜುಸ್ಯಾಟ್' ಉಪಗ್ರಹವು ಶ್ರೀಹರಿಕೋಟೆಯಿಂದ ಮೇಲೇರಿದಾಗ, ಅದನ್ನು ಮೊದಲು ಬಳಸಿಕೊಂಡವುಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ತಾಳವಾಡಿಯ ಗಡಿಗೆ ತಗುಲಿಕೊಂಡಿರುವ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಕನ್ನಡ ಪಾಠಗಳು ಅದೇ ಉಪಗ್ರಹದಿಂದ ಇಳಿದುಬಂದವು. ಆ ಉಪಗ್ರಹದ ಆಯುಸ್ಸು ೨೦೧೦ರಲ್ಲಿ ಮುಗಿಯಿತು.

ಈ ಹಳೆಯ ಪ್ರಯೋಗಗಳನ್ನು ಎಣಿಸಿ ಹೇಳುವುದಕ್ಕೆ ಕಾರಣವಿದೆ. ಅಚ್ಚು, ಬಾನುಲಿ, ದೂರದರ್ಶನಗಳ ಪಾಠವೆಲ್ಲ ಬಹುಪಾಲು ಒಂದೇ ಕಡೆಯಿಂದ ಹರಿಯುವ ನೀರು. ಹೇಳುವವನು ಹೇಳಿದ, ಕೇಳುವವನು ಕೇಳಿದ. ಕೇಳಿದವನಿಗೆ ಅರ್ಥವಾಯಿತೇ ಎಂಬುದು ಹೇಳಿದವನಿಗೆ ಆಗಲೇ ತಿಳಿಯುತ್ತಿರಲಿಲ್ಲ. ನಮ್ಮ ಕಾಲದ ಸಾಧನಗಳ ವಿಶೇಷವಿರುವುದು ಇಲ್ಲಿಯೇ. ವಾಟ್ಸ್‌ಆ್ಯಪ್ ಬಳಗವಾಗಲಿ, ೨೦೧೪ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಮ್ ಆಗಲಿ, ಕೇಳುವವನಿಗೂ ಬಾಯಿ ಕೊಟ್ಟಿವೆ. ಕೊನೆಯ ಬೆಂಚಿನಲ್ಲಿ ಕುಳಿತು ಮೂರು ವರ್ಷ ತುಟಿ ಬಿಚ್ಚದ ಹುಡುಗನೂ ತನ್ನ ಸಂದೇಹವನ್ನು ಬರೆದು ಕಳುಹಿಸಬಹುದು. ಹೀಗಿದ್ದೂ ಈ ಸಾಧನಗಳನ್ನು ಹಳೆಯ ಬಾನುಲಿಯಂತೆ ಒಂದೇ ಕಡೆಯಿಂದ ಬಳಸಿದರೆ ಹೊಸದನ್ನು ತಂದ ಪ್ರಯೋಜನವಾದರೂ ಏನು?

ಬಾಗಿಲು ಮುಚ್ಚಿದ ವರ್ಷ

೨೦೨೦ರ ಮಾರ್ಚಿನಲ್ಲಿ ಸೋಂಕಿನ ಭಯದಿಂದ ಶಾಲಾಕಾಲೇಜುಗಳೆಲ್ಲ ಮುಚ್ಚಿದಾಗ, ಮೊದಲು ಇಷ್ಟವಿದ್ದವರು ಮಾತ್ರ ಬಳಸುತ್ತಿದ್ದ ಸಾಧನಗಳು ಒಮ್ಮೆಗೇ ಎಲ್ಲರಿಗೂ ಅನಿವಾರ್ಯವಾದವು. ಗಡಿನಾಡಿನ ಮಟ್ಟಿಗೆ ಆಗ ನಡೆದ ಒಂದು ಕಾರ್ಯ ಸ್ಮರಣೀಯವಾದುದು. ಕೇರಳ ಸರ್ಕಾರದ 'ಕೈಟ್ ವಿಕ್ಟರ್ಸ್' ವಾಹಿನಿಯು ೨೦೨೦ರ ಜೂನ್ ೧ರಂದು 'ಫಸ್ಟ್ ಬೆಲ್' ಎಂಬ ಹೆಸರಿನಲ್ಲಿ ಮಲಯಾಳದಲ್ಲಿ ಪಾಠಗಳನ್ನು ಆರಂಭಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅದೇ ಪಾಠಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿ ಯೂಟ್ಯೂಬಿನ ಮೂಲಕ ಒದಗಿಸಲಾಯಿತು. ಕನ್ನಡ ಪಾಠವನ್ನು ದೊಡ್ಡ ವಾಹಿನಿಯಲ್ಲಿ ಹೇಳಲು ಸ್ಥಳವಿಲ್ಲದಿದ್ದರೂ ಸಣ್ಣ ಸಾಧನವೊಂದರಲ್ಲಿ ಸ್ಥಳ ದೊರೆಯಿತು. ಅಲ್ಪಸಂಖ್ಯಾತ ಭಾಷೆಯವರಾದ ನಮಗೆ ಈ ಹೊಸ ಸಾಧನಗಳಿಂದ ಆಗಬಹುದಾದ ಉಪಕಾರ ಎಂಥದೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ತಮಿಳುನಾಡಿನಲ್ಲಿ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಸುಮಾರು ೯ ಲಕ್ಷ ೬೯ ಸಾವಿರ ವಿದ್ಯಾರ್ಥಿಗಳಿಗೆ ೨೦೨೧ರ ಜನವರಿಯಿಂದ ಏಪ್ರಿಲ್‌ವರೆಗೆ ದಿನಕ್ಕೆ ೨ ಜಿ.ಬಿ.ಯಷ್ಟು ಅಂತರಜಾಲ ಸೌಕರ್ಯವನ್ನು ಉಚಿತವಾಗಿ ಕೊಡುವುದಾಗಿ ಸರ್ಕಾರ ಪ್ರಕಟಿಸಿತು. ಅದಕ್ಕೂ ಹಿಂದೆ, ೨೦೧೧ರಿಂದಲೇ, ಮಡಿಲಗಣಕಗಳನ್ನು ಹಂಚುವ ಯೋಜನೆ ಆರಂಭವಾಗಿತ್ತು. ಇವೆಲ್ಲ ಒಳ್ಳೆಯ ಕಾರ್ಯಗಳೇ. ಆದರೆ ಸೋಮನೂರಿನಂಥ ಊರಿನಲ್ಲಿ ಕಂಡ ಕಷ್ಟ ಬೇರೆಯದು. ಮನೆಗೆ ಅಂಟಿಕೊಂಡ ಮಗ್ಗದ ಕೊಟ್ಟಿಗೆಯಲ್ಲಿ ವಿದ್ಯುನ್ಮಗ್ಗಗಳು ಬಡಿಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಕುಳಿತ ಹುಡುಗಿಗೆ ಅಧ್ಯಾಪಕರ ಮಾತು ಕೇಳಿಸುವುದಾದರೂ ಹೇಗೆ? ಮಗ್ಗ ನಿಲ್ಲಿಸೋಣವೆಂದರೆ ಅಂದಿನ ಕೂಲಿ ನಿಂತಿತು. ಮನೆಗೆ ಒಂದೇ ಫೋನಿದ್ದು ಅದು ನೂಲಿನ ಲೆಕ್ಕ ಕೇಳುವ ತಂದೆಯ ಕೈಯಲ್ಲಿದ್ದರೆ ಅಣ್ಣತಂಗಿಯರಲ್ಲಿ ಯಾರ ಪಾಠಕ್ಕೆ ಅದು ಸಲ್ಲಬೇಕು? ಬಹುಮಟ್ಟಿಗೆ ಅಣ್ಣನ ಪಾಠಕ್ಕೇ ಸಂದಿತೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಅಂದು ಆರಂಭವಾದುದು ಬಾಗಿಲು ತೆರೆದ ಮೇಲೂ ನಿಲ್ಲಲಿಲ್ಲ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ೨೦೦೩ರಲ್ಲಿಯೇ 'ಎನ್‌ಪಿಟೆಲ್' ಎಂಬ ಹೆಸರಿನಿಂದ ತಮ್ಮ ಪಾಠಗಳನ್ನು ಎಲ್ಲರಿಗೂ ತೆರೆದಿಡುವ ಕಾರ್ಯ ಆರಂಭಿಸಿದ್ದವು. ೨೦೧೭ರಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ ಬಂದಿತು. ಒಂದು ಅವಧಿಯ ಪಠ್ಯಗಳಲ್ಲಿ ಶೇಕಡ ೪೦ರವರೆಗೆ ಈ ವೇದಿಕೆಯ ಮೂಲಕವೇ ಕಲಿಯಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೨೧ರಲ್ಲಿ ನಿಯಮ ಮಾಡಿತು. ತಮಿಳುನಾಡು ಸರ್ಕಾರವು ೨೦೨೨ರ ಮಾರ್ಚಿನಲ್ಲಿ ಆರಂಭಿಸಿದ 'ನಾನ್ ಮುದಲ್ವನ್' ಯೋಜನೆಯಲ್ಲಿಯೂ ಅಂತರಜಾಲದ ಪಾಠಗಳು ಸೇರಿವೆ. ಆದುದರಿಂದ ಕಾಲೇಜಿನ ಮಗುವಿಗೆ ಫೋನು ಬೇಕೇ ಎಂಬ ಪ್ರಶ್ನೆಗೆ ಕಾಲವೇ ಉತ್ತರ ಹೇಳಿಬಿಟ್ಟಿದೆ. ನಾವು ಕೇಳಬೇಕಾದುದು ಅದನ್ನು ಹೇಗೆ ಬಳಸಬೇಕೆಂಬುದನ್ನು.

ಯಾವುದು ಪಾಠ, ಯಾವುದು ಬರಿಯ ರವಾನೆ

ಉಪಾಧ್ಯಾಯ ತರಬೇತಿಯಲ್ಲಿ ನಮಗೆಲ್ಲ ಮೊದಲು ಕಲಿಸುವ ಸೂತ್ರವೊಂದುಂಟು: ಹೇಳಿದುದೆಲ್ಲ ಕಲಿಸಿದುದಲ್ಲ. ಮಗು ತಾನೇ ಹೇಳಿದಾಗ, ತಾನೇ ಮಾಡಿದಾಗ ಮಾತ್ರ ಪಾಠ ಮುಗಿದಂತೆ. ಹಳ್ಳಿಯ ಶಾಲೆಗಾಗಲಿ ಕಾಲೇಜಿಗಾಗಲಿ ಈ ಸೂತ್ರ ಒಂದೇ. ಇಂದು ಹಲವು ಕಾಲೇಜುಗಳ ಬಳಗಗಳಲ್ಲಿ ನಡೆಯುವುದನ್ನು ಈ ಅಳತೆಗೋಲಿನಿಂದ ಅಳೆದರೆ ಅದರಲ್ಲಿ ಬಹುಪಾಲು ಪಾಠವಲ್ಲ, ಬರಿಯ ರವಾನೆ. ಅಧ್ಯಾಪಕರು ಎಪ್ಪತ್ತು ಪುಟಗಳ ಟಿಪ್ಪಣಿಯನ್ನು ಬಳಗಕ್ಕೆ ಹಾಕುತ್ತಾರೆ. ಅರವತ್ತು ಮಂದಿ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ವಂದನೆ ಸಲ್ಲಿಸುತ್ತಾರೆ. ಟಿಪ್ಪಣಿ ಫೋನಿನ ಹೊಟ್ಟೆಯಲ್ಲಿ ಮಲಗುತ್ತದೆ. ಕೊಟ್ಟವರಿಗೆ ಕೊಟ್ಟೆವೆಂಬ ಸಮಾಧಾನ, ಪಡೆದವರಿಗೆ ಪಡೆದೆವೆಂಬ ಸಮಾಧಾನ. ಕಲಿಕೆ ಮಾತ್ರ ಎಲ್ಲಿಯೂ ನಡೆದಿರುವುದಿಲ್ಲ.

ಈ ಬಗ್ಗೆ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗವೊಂದನ್ನು ಇಲ್ಲಿ ಹೇಳಬೇಕು. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ಎಂಬವರು ೨೦೦೬ರಲ್ಲಿ ಇದನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಪಾಠವೊಂದನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿದ ಬಳಿಕ ಪುಸ್ತಕ ಮುಚ್ಚಿ, ನೆನಪಿನಿಂದ ಬರೆದು ನೋಡಿತು. ಐದು ನಿಮಿಷ ಕಳೆದು ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ನಮ್ಮ ಹಿರಿಯರು ಮಗ್ಗಿಯನ್ನು ಒಪ್ಪಿಸಲು ಹೇಳುತ್ತಿದ್ದುದರ ಮರ್ಮ ಇದೇ. ಕಾಲೇಜಿನ ಅಧ್ಯಾಪಕರು ಎಪ್ಪತ್ತು ಪುಟದ ಟಿಪ್ಪಣಿಗೆ ಬದಲಾಗಿ ಪಾಠವಾದ ಮಾರನೆಯ ದಿನ ಬಳಗಕ್ಕೆ ಐದೇ ಪ್ರಶ್ನೆಗಳನ್ನು ಕಳುಹಿಸಿ, ಪುಸ್ತಕ ನೋಡದೆ ಉತ್ತರಿಸಲು ಹೇಳಿ, ಯಾವ ಪ್ರಶ್ನೆಯಲ್ಲಿ ಹೆಚ್ಚು ಮಂದಿ ಎಡವಿದರೆಂಬುದನ್ನು ನೋಡಿಕೊಂಡು ಮುಂದಿನ ತರಗತಿಯನ್ನು ಅಲ್ಲಿಂದಲೇ ಆರಂಭಿಸಿದರೆ, ಆ ಯಂತ್ರ ಸಾರ್ಥಕವಾಯಿತು. ಇದಕ್ಕೆ ಹೆಚ್ಚಿನ ಹಣವೂ ಬೇಡ, ಹೆಚ್ಚಿನ ಸಮಯವೂ ಬೇಡ.

ಮುದ್ರಿತ ಪಾಠದಿಂದ ನಮ್ಮ ಮಕ್ಕಳಿಗೆ ವಿಶೇಷವಾದ ಒಂದು ಲಾಭವಿದೆ. ಇವರು ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಹನ್ನೆರಡು ವರ್ಷ ಹಲವರು ಓದಿದುದು ತಮಿಳು, ಕಾಲೇಜಿನಲ್ಲಿ ಒಮ್ಮೆಗೇ ಎದುರಾಗುವುದು ಇಂಗ್ಲಿಷು. ಮೊದಲ ವರ್ಷದಲ್ಲಿ ಅಧ್ಯಾಪಕರು ಹೇಳಿದುದರಲ್ಲಿ ಅರ್ಧದಷ್ಟು ತಲೆಯ ಮೇಲೆ ಹಾದುಹೋಗುತ್ತದೆ. ಅದೇ ಪಾಠ ಧ್ವನಿಯಾಗಿ ಕೈಯಲ್ಲಿದ್ದರೆ ಮಗು ಅದನ್ನು ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು, ಅರ್ಥವಾಗದ ಶಬ್ದವನ್ನು ಗುರುತುಹಾಕಿಕೊಳ್ಳಬಹುದು. ತರಗತಿಯಲ್ಲಿ ಎದ್ದುನಿಂತು ಇನ್ನೊಮ್ಮೆ ಹೇಳಿರೆಂದು ಕೇಳಲು ನಾಚುವ ಹುಡುಗಿಗೆ ಯಂತ್ರವು ಎಷ್ಟು ಸಲ ಬೇಕಾದರೂ ಬೇಸರಿಸದೆ ಹೇಳುತ್ತದೆ. ಇಡೀ ತಾಸಿನ ಉಪನ್ಯಾಸಕ್ಕಿಂತ ಕಠಿನವಾದ ಭಾಗವನ್ನು ಮಾತ್ರ ಹತ್ತು ನಿಮಿಷದಲ್ಲಿ ನಿಧಾನವಾಗಿ ಹೇಳಿದ ಮುದ್ರಿಕೆಯೇ ಇದಕ್ಕೆ ಹೆಚ್ಚು ಉಪಯುಕ್ತ.

ಮೂರನೆಯದಾಗಿ, ಊರನ್ನೇ ಪಾಠವಾಗಿಸಿಕೊಳ್ಳುವ ಬಗೆ. ೨೦೨೨ರ ಜನವರಿಯಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕೂಲಿಗೆ ನೆಯ್ಯುವ ವಿದ್ಯುನ್ಮಗ್ಗದವರು ಕೂಲಿದರದ ಏರಿಕೆಗಾಗಿ ಮಗ್ಗಗಳನ್ನು ನಿಲ್ಲಿಸಿದುದು ವಾಚಕರಿಗೆ ನೆನಪಿರಬಹುದು. ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು ತಮ್ಮ ವಿದ್ಯಾರ್ಥಿಗಳನ್ನು ಕರೆದು, ಫೋನು ಹಿಡಿದು ನಿಮ್ಮ ನಿಮ್ಮ ಬೀದಿಯ ಮೂವರು ನೇಕಾರರ ಮಾತನ್ನು ಮುದ್ರಿಸಿ ತನ್ನಿ, ಒಂದು ಮೀಟರು ಬಟ್ಟೆಗೆ ವಿದ್ಯುತ್ತು ಎಷ್ಟು, ಕಂಡಿಕೆ ಸುತ್ತುವ ಕೂಲಿ ಎಷ್ಟು, ಉಳಿಯುವುದೆಷ್ಟು ಎಂಬುದನ್ನು ಲೆಕ್ಕ ಹಾಕಿ ಬಳಗದಲ್ಲಿ ಇಡಿ ಎಂದರೆ, ಅದಕ್ಕಿಂತ ಉತ್ತಮವಾದ ವೆಚ್ಚಶಾಸ್ತ್ರದ ಪಾಠ ಇನ್ನಾವುದಿದೆ? ಮಗನು ಓದುವ ವಿಷಯದಲ್ಲಿ ತಂದೆಗೂ ಹೇಳುವುದಿದೆಯೆಂಬುದು ಅಂದು ಆ ಮನೆಗೆ ತಿಳಿದೀತು.

ನಾಲ್ಕನೆಯದು, ವಿದ್ಯಾರ್ಥಿಗಳು ಲೋಕಕ್ಕಾಗಿ ಬರೆಯುವುದು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ೨೦೧೩ರ ಸುಮಾರಿನಿಂದ ದ್ವಿತೀಯ ಭಾಷೆಯಾಗಿ ಕನ್ನಡವೇ ಮೊದಲಾದ ಭಾರತೀಯ ಭಾಷೆಗಳನ್ನು ಓದುವ ವಿದ್ಯಾರ್ಥಿಗಳಿಂದ ವಿಕಿಪೀಡಿಯಕ್ಕೆ ಲೇಖನಗಳನ್ನು ಬರೆಯಿಸಲಾಯಿತು. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿಯೂ ವಿಕಿಪೀಡಿಯ ಬರಹಗಾರರ ವಿದ್ಯಾರ್ಥಿ ಸಂಘ ಕಟ್ಟಿಕೊಂಡಿತು. ಅಧ್ಯಾಪಕರೊಬ್ಬರೇ ನೋಡಿ ಮೂಲೆಗೆಸೆಯುವ ಪ್ರಬಂಧಕ್ಕೂ, ಯಾರು ಬೇಕಾದರೂ ಓದಿ ಆಧಾರವೇನೆಂದು ಕೇಳಬಹುದಾದ ಬರಹಕ್ಕೂ ಬಹಳ ವ್ಯತ್ಯಾಸವಿದೆ. ಬರೆದುದಕ್ಕೆ ತಾನೇ ಹೊಣೆಯೆಂಬ ಎಚ್ಚರ ಆಗ ಹುಟ್ಟುತ್ತದೆ.

ಅಧ್ಯಾಪಕರೂ ಕಲಿಯಬೇಕಾದವರೇ. ಕರ್ನಾಟಕದಲ್ಲಿ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯೂ ರಾಜ್ಯದ ಶಿಕ್ಷಣ ಇಲಾಖೆಯೂ ಕೂಡಿ ೨೦೧೧ರಲ್ಲಿ ಪ್ರೌಢಶಾಲೆಯ ವಿಷಯ ಶಿಕ್ಷಕರ ವೇದಿಕೆಯನ್ನು ಆರಂಭಿಸಿದವು. ದೂರದ ಹಳ್ಳಿಯಲ್ಲಿ ಒಂಟಿಯಾಗಿ ಗಣಿತ ಹೇಳುವ ಉಪಾಧ್ಯಾಯನು ತನ್ನ ಸಂದೇಹವನ್ನು ಇನ್ನೊಂದು ಜಿಲ್ಲೆಯ ಉಪಾಧ್ಯಾಯನೊಡನೆ ಕನ್ನಡದಲ್ಲಿಯೇ ಚರ್ಚಿಸಲು ಅದರಿಂದ ಸಾಧ್ಯವಾಯಿತು. ಕಾಲೇಜಿನವರೂ ತಮ್ಮ ತಮ್ಮ ವಿಷಯಗಳಲ್ಲಿ ಇಂಥ ಕೂಟಗಳನ್ನು ಕಟ್ಟಿಕೊಂಡರೆ ಯಂತ್ರವನ್ನು ಬಳಸುವ ಜಾಣತನ ಒಬ್ಬರಿಂದೊಬ್ಬರಿಗೆ ಹರಿದೀತು.

ಇಷ್ಟು ಹೇಳಿದ ಮೇಲೆ ಎಚ್ಚರದ ಮಾತನ್ನೂ ಹೇಳಬೇಕು. ೨೦೨೨ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯಂಥ ಯಂತ್ರಗಳು ಕೇಳಿದೊಡನೆ ಪ್ರಬಂಧವನ್ನೇ ಬರೆದುಕೊಡುತ್ತವೆ. ಇದರಿಂದಾಗಿ ಮನೆಯಲ್ಲಿ ಬರೆದು ತರುವ ಕೆಲಸಕ್ಕೆ ಅಂಕ ಕೊಡುವ ಪದ್ಧತಿಯ ಬುಡವೇ ಅಲ್ಲಾಡಿದೆ. ಬರೆದು ತಂದವನನ್ನು ಎದುರಿಗೆ ಕೂರಿಸಿಕೊಂಡು, ಈ ಮಾತನ್ನು ಏಕೆ ಹೀಗೆ ಬರೆದೆ ಎಂದು ಐದು ನಿಮಿಷ ವಿಚಾರಿಸುವುದೇ ಇದಕ್ಕೆ ಮದ್ದು. ತನ್ನದಾದುದನ್ನು ಮಗು ವಿವರಿಸೀತು, ತನ್ನದಲ್ಲದುದನ್ನು ವಿವರಿಸಲಾರದು. ಯುನೆಸ್ಕೋ ಸಂಸ್ಥೆಯು ತನ್ನ ೨೦೨೩ರ ಜಾಗತಿಕ ಶಿಕ್ಷಣ ವರದಿಯನ್ನು ಇದೇ ತಂತ್ರಜ್ಞಾನದ ವಿಷಯಕ್ಕೆ ಮೀಸಲಿಟ್ಟು, ಸಾಧನವು ಯಾರ ಷರತ್ತಿನ ಮೇಲೆ ನಡೆಯಬೇಕೆಂಬ ಪ್ರಶ್ನೆಯನ್ನೇ ಮುಂದಿಟ್ಟಿತು. ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಮಗ್ಗ ಹೋಗಿ ವಿದ್ಯುನ್ಮಗ್ಗ ಬಂದಾಗ ಲಾಳಿಯ ವೇಗ ಎಷ್ಟೋ ಪಾಲು ಹೆಚ್ಚಿತು. ಆದರೆ ಹಾಸಿನ ಎಳೆ ಹರಿದುದನ್ನು ಕಂಡು ಮಗ್ಗವನ್ನು ನಿಲ್ಲಿಸಿ ಗಂಟು ಹಾಕುವ ಕಣ್ಣು ಇಲ್ಲದಿದ್ದರೆ ಆ ವೇಗದಿಂದ ಹೆಚ್ಚುವುದು ದೋಷದ ಬಟ್ಟೆಯೇ. ತರಗತಿಯಲ್ಲಿ ಆ ಕಣ್ಣು ಅಧ್ಯಾಪಕನದು.

ಮನೆಯವರು ಮಾಡಬೇಕಾದುದು

ನಮಗೆ ಪರಿಚಿತವಾದ ಮನೆಯೊಂದರಲ್ಲಿ ನಡೆದುದನ್ನು, ಹೆಸರು ಹೇಳದೆ, ಇಲ್ಲಿ ನಿವೇದಿಸುತ್ತೇವೆ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲಿ ಆ ಹುಡುಗಿಯೇ ಮೊದಲಿಗಳು. ಒಂದು ರಾತ್ರಿ ಹತ್ತು ಗಂಟೆಯ ಮೇಲೆ ಅವಳ ಫೋನು ಸದ್ದು ಮಾಡಿತು. ತೆರೆಯ ಮೇಲೆ ಗಂಡಸಿನ ಹೆಸರೊಂದನ್ನು ಕಂಡ ತಂದೆ, ಕೇಳದೆ ಹೇಳದೆ ಫೋನನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹುಡುಗಿ ಹೆದರಿ ಸುಮ್ಮನಾದಳು. ಆ ಹೆಸರು ಅವಳ ಅಧ್ಯಾಪಕರದು. ಬಂದುದು ಇಡೀ ತರಗತಿಗೆ ಕಳುಹಿಸಿದ್ದ ಸೂಚನೆ. ಮೂರು ವಾರ ಅವಳಿಗೆ ಯಾವ ಸೂಚನೆಯೂ ತಲುಪಲಿಲ್ಲ; ಎರಡು ಕಿರುಪರೀಕ್ಷೆಗಳು ತಪ್ಪಿದವು; ಆಂತರಿಕ ಅಂಕಗಳು ಹೋದವು. ಕಾಲೇಜು ಬಿಟ್ಟು ಬೇರೆ ಹುಡುಗಿಯರೊಡನೆ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋಗಿಬಿಡುತ್ತೇನೆಂದು ಅವಳು ತಾಯಿಯೊಡನೆ ಹೇಳಿದಾಗಲೇ ಸಂಗತಿ ಹೊರಬಿದ್ದುದು. ತಾಯಿ ಅಕ್ಷರ ಬಲ್ಲವರಲ್ಲ, ಆದರೆ ಗಟ್ಟಿಗಿತ್ತಿ. ಮಾರನೆಯ ದಿನವೇ ಗಂಡನನ್ನು ಕರೆದುಕೊಂಡು ಕಾಲೇಜಿಗೆ ಹೋಗಿ ವಿಚಾರಿಸಿದರು. ಹುಡುಗಿ ಓದು ಮುಂದುವರಿಸಿದಳು.

ಇದರಲ್ಲಿ ತಂದೆಯೊಬ್ಬರನ್ನೇ ದೂರುವುದು ನ್ಯಾಯವಲ್ಲ. ಲೋಕದಲ್ಲಿ ನಡೆಯುವುದನ್ನು ಕೇಳಿ ಹೆದರಿದ ತಂದೆ ಅವರು. ರಾತ್ರಿ ಹತ್ತರ ಮೇಲೆ ವಿದ್ಯಾರ್ಥಿನಿಯರ ಫೋನಿಗೆ ಸೂಚನೆ ಕಳುಹಿಸುವ ಅಭ್ಯಾಸ ಯಾವ ಕಾಲೇಜಿಗೂ ಒಪ್ಪುವಂಥದಲ್ಲ. ಕಾಲೇಜುಗಳು ಸಂಜೆ ಏಳರ ಬಳಿಕ ಬಳಗದಲ್ಲಿ ಏನನ್ನೂ ಹಾಕಬಾರದು. ಹಾಕಿದ ಪ್ರತಿಯೊಂದು ಸೂಚನೆಯನ್ನೂ ಮಾರನೆಯ ದಿನ ಸೂಚನಾ ಫಲಕದಲ್ಲಿಯೂ ಅಂಟಿಸಬೇಕು. ಬಳಗದಲ್ಲಿ ಎಲ್ಲರ ಫೋನ್ ಸಂಖ್ಯೆಗಳೂ ಎಲ್ಲರಿಗೂ ಕಾಣುವುದರಿಂದ ಹೆಣ್ಣುಮಕ್ಕಳಿಗೆ ಉಂಟಾಗುವ ತೊಂದರೆಯನ್ನು ಗಮನಿಸಿ, ಪಾಠದ ಕೆಲಸಕ್ಕೆ ಸಂಖ್ಯೆ ಕಾಣದ ವೇದಿಕೆಗಳನ್ನೇ ಬಳಸುವುದು ಲೇಸು. ಪ್ರವೇಶದ ದಿನ ತಂದೆತಾಯಿಗಳನ್ನು ಕೂರಿಸಿ, ಯಾವ ಬಳಗ, ಯಾರು ನಡೆಸುವವರು, ಯಾವ ಹೊತ್ತು ಎಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿಬಿಟ್ಟರೆ ಅರ್ಧದಷ್ಟು ಅನುಮಾನ ಅಲ್ಲಿಯೇ ಕರಗುತ್ತದೆ.

ಮನೆಯವರಿಗೆ ನಮ್ಮ ಸೂಚನೆಗಳು ಇಷ್ಟೇ. ಫೋನನ್ನು ಕಿತ್ತುಕೊಳ್ಳುವುದಕ್ಕೆ ಮೊದಲು ಕೇಳಿರಿ. ರಾತ್ರಿ ಊಟದ ಬಳಿಕ ಮನೆಯ ಎಲ್ಲ ಫೋನುಗಳೂ, ಹಿರಿಯರದೂ ಸೇರಿ, ಒಂದೇ ಗೂಡಿನಲ್ಲಿ ಮಲಗಲಿ. ಮಕ್ಕಳಿಗೆ ಮಾತ್ರ ವಿಧಿಸಿದ ನಿಯಮ ನಿಲ್ಲಲಾರದು. ಅಣ್ಣನಿಗೆ ಕೊಟ್ಟ ಸೌಕರ್ಯವನ್ನು ತಂಗಿಗೂ ಕೊಡಿರಿ. ಸರ್ಕಾರಿ ಶಾಲೆಗಳಲ್ಲಿ ಓದಿ ಕಾಲೇಜಿಗೆ ಬಂದ ಹೆಣ್ಣುಮಕ್ಕಳಿಗೆ ತಿಂಗಳಿಗೆ ೧,೦೦೦ ರೂಪಾಯಿ ಕೊಡುವ 'ಪುದುಮೈಪ್ಪೆಣ್' ಯೋಜನೆಯನ್ನು ಸರ್ಕಾರವು ೨೦೨೨ರ ಸೆಪ್ಟೆಂಬರಿನಲ್ಲಿ ಆರಂಭಿಸಿದುದು ಹೆಣ್ಣುಮಕ್ಕಳು ನಡುವೆ ಓದು ಬಿಡಬಾರದೆಂದೇ ಅಲ್ಲವೇ? ಕೊನೆಯದಾಗಿ, ವಾರಕ್ಕೊಮ್ಮೆಯಾದರೂ ಮಗುವನ್ನು ಎದುರಿಗೆ ಕೂರಿಸಿಕೊಂಡು, ಈ ವಾರ ಏನು ಓದಿದೆಯೆಂದು ನಮ್ಮ ಮನೆಮಾತಿನಲ್ಲಿ ಹೇಳೆಂದು ಕೇಳಿರಿ. ನಿಮಗೆ ಇಂಗ್ಲಿಷು ಬಾರದಿದ್ದರೆ ಇನ್ನೂ ಒಳ್ಳೆಯದು. ಮಗು ಕಂಠಪಾಠದ ಮಾತುಗಳನ್ನು ಬಿಟ್ಟು ತಾನೇ ಅರ್ಥ ಹೇಳಬೇಕಾಗುತ್ತದೆ. ಸರಕು ಸೇವಾ ತೆರಿಗೆಯ ಪಾಠವನ್ನು ವಾಣಿಜ್ಯ ಓದುವ ಮಗನು, ಕೂಲಿನೆಯ್ಗೆಯ ತಂದೆಗೆ ಕನ್ನಡದಲ್ಲಿ ತಿಳಿಯಹೇಳಬಲ್ಲನಾದರೆ ಅವನಿಗೆ ಅದು ಬಂದಿತೆಂದೇ ಅರ್ಥ.

ಅಕ್ಷರವಿಲ್ಲದ ಕನ್ನಡಕ್ಕೆ ಅಕ್ಷರ

ಮನೆಮಾತಿನ ಪ್ರಸ್ತಾಪ ಬಂದುದರಿಂದ ನಮ್ಮ ಮನಸ್ಸಿನಲ್ಲಿ ಬಹಳ ದಿನಗಳಿಂದಿರುವ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇವೆ. ಚೌಡೇಶ್ವರಿಯ ಒಕ್ಕಲಾದ ನಮ್ಮ ನೇಕಾರ ಮನೆತನಗಳು ಈ ಸೀಮೆಯಲ್ಲಿ ನೆಲೆಸಿ ತಲೆತಲಾಂತರಗಳಾದರೂ ಕನ್ನಡದ ಮಾತನ್ನು ಬಿಟ್ಟಿಲ್ಲ. ಬಿಟ್ಟುಹೋದುದು ಕನ್ನಡದ ಅಕ್ಷರ. ೨೦೦೬ರ ಶಾಸನದಂತೆ ತಮಿಳು ಕಡ್ಡಾಯವಾದುದು ಈಚಿನ ಮಾತು. ಅದಕ್ಕೂ ಬಹು ಹಿಂದಿನಿಂದಲೇ ಸೋಮನೂರಿನ ಮಕ್ಕಳ ಓದು ತಮಿಳಿನಲ್ಲಿ. ತಮಿಳು ನಮಗೆ ಅನ್ನದ ಭಾಷೆ, ನೆರೆಹೊರೆಯ ಭಾಷೆ. ಅದನ್ನು ಚೆನ್ನಾಗಿಯೇ ಕಲಿಯಬೇಕು. ಆದರೆ ಅಜ್ಜಿಯ ಮಾತನ್ನು ಬರೆದುಕೊಳ್ಳಲು ಮೊಮ್ಮಗನಿಗೆ ಅಕ್ಷರವಿಲ್ಲವೆಂಬುದು ಸಣ್ಣ ಕೊರತೆಯಲ್ಲ. ಈ ಪತ್ರಿಕೆಯನ್ನೇ ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರೊಬ್ಬರು ಓದಿ ಹೇಳಬೇಕಾಗಿದೆ. ಕಾಲೇಜು ಓದುವ ಮಕ್ಕಳು ಕೇಳುವವರು.

ಅದೇ ಮಕ್ಕಳ ಕೈಯಲ್ಲಿರುವ ಫೋನಿನೊಳಗೆ ಕನ್ನಡವಿದೆಯೆಂಬುದನ್ನು ಅವರು ಗಮನಿಸಿಲ್ಲ. ೧೯೯೧ರಲ್ಲಿ ಬಂದ ಯುನಿಕೋಡ್ ಎಂಬ ವಿಶ್ವಸಂಕೇತ ವ್ಯವಸ್ಥೆಯಲ್ಲಿ ಕನ್ನಡ ಲಿಪಿಗೆ ಮೊದಲಿನಿಂದಲೇ ಸ್ಥಾನ ದೊರೆಯಿತು. ಕೆ. ಪಿ. ರಾಯರು ಉಚ್ಚಾರಣೆಯ ಕ್ರಮದಲ್ಲಿ ಕೀಲಿಗಳನ್ನು ಜೋಡಿಸಿ ಕನ್ನಡ ಬರೆಯುವುದನ್ನು ಸುಲಭಗೊಳಿಸಿದರು. ಶೇಷಾದ್ರಿವಾಸು ಅ‌ವರ 'ಬರಹ' ೧೯೯೮ರಲ್ಲಿ ಬಂದಿತು. ಕನ್ನಡ ವಿಕಿಪೀಡಿಯ ೨೦೦೩ರಲ್ಲಿ ಆರಂಭವಾಯಿತು. ವಿ. ಕೃಷ್ಣ ಅವರು ಹಲವು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ 'ಅಲರ್' ಎಂಬ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷದಷ್ಟು ಶಬ್ದಗಳೊಡನೆ, ೨೦೧೯ರಿಂದ ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಆಡಿದ ಕನ್ನಡವನ್ನು ಅಕ್ಷರಕ್ಕಿಳಿಸುವ ಸೌಕರ್ಯವೂ ಫೋನಿನಲ್ಲಿ ಬಂದಿದೆ. ಮಾತು ಬಲ್ಲವನಿಗೆ ಲಿಪಿಯೊಂದನ್ನು ಕಲಿಯುವುದು ಹೊಸ ಭಾಷೆಯನ್ನು ಕಲಿತಂತಲ್ಲ. ದಿನಕ್ಕೆ ಎರಡು ಅಕ್ಷರಗಳಂತೆ ತಿದ್ದಿದರೂ ಒಂದು ಬೇಸಿಗೆಯ ರಜೆ ಸಾಕು.

ಆದುದರಿಂದ ನಮ್ಮ ಕಾಲೇಜು ಮಕ್ಕಳಿಗೆ ಒಂದು ಕೆಲಸವನ್ನು ಸೂಚಿಸುತ್ತೇವೆ. ಹತ್ತು ಮಂದಿ ಸೇರಿ ಬಳಗವೊಂದನ್ನು ಕಟ್ಟಿಕೊಳ್ಳಿರಿ. ಪ್ರತಿ ಭಾನುವಾರ ಒಬ್ಬೊಬ್ಬರು ತಮ್ಮ ಮನೆಯ ಹಿರಿಯರ ಬಾಯಿಂದ ಐದು ಶಬ್ದಗಳನ್ನು ಮುದ್ರಿಸಿಕೊಳ್ಳಿರಿ - ಲಾಳಿ, ಹಣಿಗೆ, ಕಂಡಿಕೆ, ಹಾಸು, ಹೊಕ್ಕು ಎಂಬಂಥ ಮಗ್ಗದ ಮಾತುಗಳಾಗಲಿ, ಅಡುಗೆಮನೆಯ ಮಾತುಗಳಾಗಲಿ. ಅವನ್ನು ಕನ್ನಡ ಅಕ್ಷರದಲ್ಲಿ ಬರೆದು, ನಿಘಂಟಿನಲ್ಲಿ ಇದೆಯೋ ಇಲ್ಲವೋ ನೋಡಿರಿ. ಇದ್ದರೆ ಅಕ್ಷರ ಕಲಿತಂತಾಯಿತು. ಇಲ್ಲದಿದ್ದರೆ, ಯಾವ ಪುಸ್ತಕವೂ ಬರೆದುಕೊಳ್ಳದ ಕನ್ನಡದ ಶಬ್ದವೊಂದನ್ನು ನೀವು ಉಳಿಸಿದಿರಿ. ಮಗ್ಗದ ಜೊತೆಯಲ್ಲಿ ಈ ಶಬ್ದಗಳನ್ನು ಬಲ್ಲ ಹಿರಿಯರೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಾಯುವುದಕ್ಕೆ ಹೆಚ್ಚು ಕಾಲವಿಲ್ಲ.

ಕನ್ನಡದ ತರಗತಿಯಿಲ್ಲದ ಕಾಲೇಜಿನಲ್ಲಿಯೂ ಕನ್ನಡ ಕಲಿಯಬಹುದಾದ ಅನುಕೂಲ ನಮ್ಮ ಹಿಂದಿನ ತಲೆಮಾರಿಗೆ ಇರಲಿಲ್ಲ; ಈ ಮಕ್ಕಳಿಗಿದೆ. ಬಳಗ ಕಟ್ಟಿಕೊಂಡ ಮಕ್ಕಳು ತಾವು ಕೂಡಿಸಿದ ಮಾತುಗಳ ಪಟ್ಟಿಯನ್ನು ನಮಗೆ ಕಳುಹಿಸಿಕೊಟ್ಟರೆ, ಆಯ್ದುದನ್ನು ಬರುವ ತಿಂಗಳುಗಳಲ್ಲಿ ಇದೇ ಪುಟದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಅಕ್ಷರ ತಪ್ಪಿದ್ದರೂ ಚಿಂತೆಯಿಲ್ಲ; ತಿದ್ದುವುದು ನಮ್ಮ ಉದ್ಯೋಗವೇ ಆಗಿದೆ.